ಬಾವಿಮನೆಯ ಹಳೆಯ ಇಂಜಿನ್ ಎಲ್ಲಿಯದು: ಬಳಸದೆ ಉಳಿದ ಸಣ್ಣ ಆಯಿಲ್ ಇಂಜಿನ್‌ಗಳ ಮೂಲ ಪತ್ತೆಗೆ ಸಮಗ್ರ ಮಾರ್ಗದರ್ಶಿ

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ತೋಟದ ಬಾವಿಮನೆಗಳಲ್ಲಿ, ನಿಂತುಹೋದ ಅಕ್ಕಿ ಗಿರಣಿಗಳ ಹಿಂಭಾಗದಲ್ಲಿ, ಆಲೆಮನೆಗಳ ಮೂಲೆಯಲ್ಲಿ ಈಗಲೂ ಹಳೆಯ ಸಣ್ಣ ಆಯಿಲ್ ಇಂಜಿನ್‌ಗಳು ಕಣ್ಣಿಗೆ ಬೀಳುತ್ತವೆ. ಕಪಿಲೆ, ಏತಗಳ ಕಾಲ ಮುಗಿಯುತ್ತಾ ಬಂದು, ಕರೆಂಟು ಇನ್ನೂ ಹಳ್ಳಿಗೆ ತಲುಪದಿದ್ದ ನಡುವಿನ ವರ್ಷಗಳಲ್ಲಿ ತೆರೆದ ಬಾವಿಯ ನೀರೆತ್ತಿದ್ದು ಇವೇ. ಕರೆಂಟು ಬಂದ ಮೇಲೆ ಕೆಲವು ಮೂಲೆ ಸೇರಿದವು. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದ ಮೇಲೆ ಉಳಿದವೂ ನಿಂತವು. ನೀರಿನ ಮಟ್ಟದಿಂದ ಇಪ್ಪತ್ತೈದು ಅಡಿ ಮೇಲಿಟ್ಟರೇ ನೀರು ಹೀರಲು ತಿಣುಕುವ ಆ ಪಂಪುಗಳಿಗೆ ನೂರಾರು ಅಡಿ ಆಳದ ನೀರು ಎಟುಕುವ ಮಾತೇ ಇರಲಿಲ್ಲ. ಇವುಗಳ ನಡುವೆ ಒಮ್ಮೆಯೂ ಚಾಲೂ ಆಗದೆ ಉಳಿದ ಇಂಜಿನ್‌ಗಳೂ ಇವೆ. ಈ ಬರಹ ಮುಖ್ಯವಾಗಿ ಅಂಥವುಗಳ ಕುರಿತದ್ದು.

ಕಾರು, ಟ್ರ್ಯಾಕ್ಟರುಗಳಿಗೆ ಆರ್‌ಟಿಓ ಕಚೇರಿಯಲ್ಲಿ ನೋಂದಣಿ ಇರುತ್ತದೆ. ನೆಲಕ್ಕೆ ಕೂರಿಸುವ ಇಂಜಿನ್‌ಗೆ ಅಂಥ ದಾಖಲೆ ಇಲ್ಲ. ಆದ್ದರಿಂದ ಅದರ ಮೂಲವನ್ನು ಮೈಮೇಲಿನ ಗುರುತುಗಳು, ಮನೆಯ ಕಾಗದಗಳು ಮತ್ತು ಹಿರಿಯರ ನೆನಪು, ಈ ಮೂರನ್ನೂ ಒಂದಕ್ಕೊಂದು ತಾಳೆ ಹಾಕಿಯೇ ಕಂಡುಕೊಳ್ಳಬೇಕು. ಇಲ್ಲಿ ಓಡದ ಇಂಜಿನ್‌ಗೆ ಒಂದು ವಿಶೇಷ ಬೆಲೆಯಿದೆ. ಹತ್ತಾರು ವರ್ಷ ದುಡಿದ ಇಂಜಿನ್‌ನಲ್ಲಿ ಡೀಸೆಲ್ ಪಂಪು ಒಂದು ಕಾಲದ್ದು, ಹೆಡ್ಡು (ಸಿಲಿಂಡರಿನ ಮೇಲ್ಮುಚ್ಚಳ) ಇನ್ನೊಂದು ಕಾಲದ್ದು, ಫ್ಲೈವೀಲು (ಪಕ್ಕದ ಭಾರವಾದ ತಿರುಗುಚಕ್ರ) ಮತ್ತೊಂದು ಇಂಜಿನ್ನಿನದು ಆಗಿರಬಹುದು. ಓಡದ ಇಂಜಿನ್‌ನಲ್ಲಿ ಎಲ್ಲ ಭಾಗಗಳೂ ಕಾರ್ಖಾನೆಯಿಂದ ಹೊರಟ ದಿನದವೇ. ಅದರ ಪ್ರತಿಯೊಂದು ಭಾಗವೂ ಸಾಕ್ಷಿ ಹೇಳುತ್ತದೆ.

ಮೊದಲ ಹೆಜ್ಜೆ: ಕೈ ಕಟ್ಟಿ ನಿಲ್ಲುವುದು

ಹಳೆಯ ಇಂಜಿನ್ ಸಿಕ್ಕಿದ ಕೂಡಲೇ ಅದನ್ನು ತೊಳೆದು, ವೈರ್ ಬ್ರಷ್ ಹಾಕಿ ಉಜ್ಜಿ, ಹ್ಯಾಂಡಲ್ ಹಾಕಿ ತಿರುಗಿಸಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಇವುಗಳಲ್ಲಿ ಒಂದನ್ನೂ ಮಾಡಬೇಡಿ. ಗ್ರೈಂಡರಿನ ಚಕ್ರ ಅರ್ಧ ನಿಮಿಷದಲ್ಲಿ ಅಳಿಸಿಹಾಕುವ ಬಣ್ಣದ ಪದರ, ಸ್ಟೆನ್ಸಿಲ್ ಅಕ್ಷರ, ಡೀಲರ್ ಅಂಟಿಸಿದ ಚೀಟಿಯ ಚೂರು, ಇವೇ ಅನೇಕ ಸಲ ಇಡೀ ಪತ್ತೆಕಾರ್ಯದ ತಳಹದಿಯಾಗಿರುತ್ತವೆ. ಇಂಜಿನ್ ನಿಂತ ಜಾಗ, ಅದರ ತಳಪಾಯ, ಸುತ್ತ ಬಿದ್ದಿರುವ ಪೈಪು, ಪುಲ್ಲಿ, ಮರದ ಹಲಗೆ, ಡಬ್ಬಿ ಎಲ್ಲವನ್ನೂ ಇದ್ದ ಹಾಗೆಯೇ ಫೋಟೋ ತೆಗೆಯಿರಿ. ಹಲಗೆಯ ಚೂರುಗಳನ್ನು ಸೌದೆ ಎಂದು ಬಿಸಾಡಬಾರದು. ಅದು ಇಂಜಿನ್ ಬಂದ ಪೆಟ್ಟಿಗೆಯದೇ ಆಗಿರಬಹುದು.

ಫ್ಲೈವೀಲನ್ನು ಬಲವಂತವಾಗಿ ತಿರುಗಿಸುವುದು ಇನ್ನೂ ಕೆಟ್ಟದ್ದು. ಒಳಗೆ ಹೆಪ್ಪುಗಟ್ಟಿದ ಗ್ರೀಸಿನ ಮೇಲೆ ಅಥವಾ ತುಕ್ಕಿನ ಮೇಲೆ ಪಿಸ್ಟನ್ ರಿಂಗು ಉಜ್ಜಿದರೆ, ಈ ಇಂಜಿನ್ ಎಂದಾದರೂ ಓಡಿತ್ತೇ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ಮೇಲ್ಮೈಯನ್ನೇ ನೀವು ಗೀರಿಹಾಕುತ್ತೀರಿ.

ಎರಡನೆಯ ಹೆಜ್ಜೆ: ಹಿರಿಯರನ್ನು ಕೇಳುವುದು

ಕಾಗದ, ಕಬ್ಬಿಣ ನಾಳೆಯೂ ಇರುತ್ತವೆ; ಎಂಬತ್ತು ದಾಟಿದವರ ನೆನಪು ಕಾಯುವುದಿಲ್ಲ. ಹಾಗಾಗಿ ಇಂಜಿನ್ ಮುಟ್ಟುವ ಮೊದಲೇ ಮನೆಯ ಹಿರಿಯರನ್ನು, ಊರಿನ ಹಳೆಯ ಮೆಕ್ಯಾನಿಕ್ಕನ್ನು, ಗಿರಣಿಯಲ್ಲಿ ದುಡಿದವರನ್ನು ಮಾತಾಡಿಸಿ. ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆಯ ಅನೇಕ ಮನೆಗಳಲ್ಲಿ ತೆಲುಗಿನಲ್ಲಿ ಕೇಳಿದರೆ ಮಾತು ಸಲೀಸಾಗಿ ಹೊರಡುತ್ತದೆ. ನಿಮಗೆ ಬಾರದಿದ್ದರೆ ಬಲ್ಲವರನ್ನು ಜೊತೆಗೆ ಕರೆದೊಯ್ಯಿರಿ.

‘ಯಾವ ಇಸವಿಯಲ್ಲಿ ತಂದಿರಿ’ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚಾಗಿ ಅಂದಾಜಿನದು. ಅದರ ಬದಲು ‘ತಾತ, ಇದು ನಿಮ್ಮೂರಿಗೆ ಕರೆಂಟು ಬರೋಕೆ ಮುಂಚೆ ಬಂತಾ, ಆಮೇಲಾ? ನಿಮ್ಮ ಮದುವೆ ಆಗಿತ್ತಾ? ಅವತ್ತು ಇದನ್ನ ಗಾಡಿಯಲ್ಲಿ ತಂದ್ರಾ, ಲಾರಿಯಲ್ಲಾ? ಯಾವ ಸ್ಟೇಷನ್‌ನಿಂದ?’ ಎಂದು ಕೇಳಿ. ರೈಲಿನಲ್ಲಿ ಬಂದದ್ದಾದರೆ ಬಂಗಾರಪೇಟೆಯೋ, ಕೋಲಾರ–ಚಿಕ್ಕಬಳ್ಳಾಪುರದ ಹಳೆಯ ಕಿರುಹಳಿಯ ಸ್ಟೇಷನ್ನೋ ಎಂಬುದರಿಂದಲೇ ಮದ್ರಾಸಿನ ಕಡೆಯಿಂದ ಬಂತೋ ಬೆಂಗಳೂರಿನ ಕಡೆಯಿಂದ ಬಂತೋ ಎಂಬ ಸುಳಿವು ಸಿಗುತ್ತದೆ. ಇಂಜಿನ್‌ನ ಹೆಸರಿನ ವಿಷಯದಲ್ಲಿ ಮಾತ್ರ ಬಾಯಿಮಾತನ್ನು ಪೂರ್ತಿ ನೆಚ್ಚಬೇಡಿ. ಪ್ರಚಾರದಲ್ಲಿದ್ದ ಒಂದು ಬ್ರ್ಯಾಂಡಿನ ಹೆಸರನ್ನೇ ಎಲ್ಲ ಇಂಜಿನ್‌ಗಳಿಗೂ ಹೇಳುವುದು ಸಾಮಾನ್ಯ.

ಓಡದ ಇಂಜಿನ್ ಆಗಿದ್ದರೆ ಏಕೆ ಓಡಲಿಲ್ಲ ಎಂಬುದನ್ನು ತಪ್ಪದೆ ಕೇಳಬೇಕು, ಏಕೆಂದರೆ ಕಾರಣ ತಿಳಿದರೆ ಕಾಗದ ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ. ಸಾಲದಲ್ಲಿ ಇಂಜಿನ್ ಬರುವ ಹೊತ್ತಿಗೆ ಕರೆಂಟು ಕಂಬವೂ ಬಂದು ಮೋಟಾರೇ ಲೇಸೆನಿಸಿದ್ದರೆ ದಾಖಲೆ ಬ್ಯಾಂಕಿನ ಕಡೆ ಇರುತ್ತದೆ. ಅಣ್ಣತಮ್ಮಂದಿರ ಭಾಗದ ವ್ಯಾಜ್ಯದಲ್ಲಿ ಬೀಗ ಬಿದ್ದು ಉಳಿದಿದ್ದರೆ ಪಾಲುಪಟ್ಟಿಯನ್ನು ನೋಡಬೇಕು. ದನಕರು, ಗಾಡಿ, ಪಾತ್ರೆಗಳ ಸಾಲಿನಲ್ಲಿ ‘ಆಯಿಲ್ ಇಂಜಿನ್ ಒಂದು’ ಎಂದು ಬರೆದಿರುವ ಸಾಧ್ಯತೆ ಇದೆ. ಅಂಗಡಿ ಮುಚ್ಚಿದ ಡೀಲರಿನ ಗೋದಾಮಿನಿಂದ ಬಂದದ್ದಾದರೆ ಸ್ಟಾಕ್ ಪುಸ್ತಕವನ್ನು ವಿಚಾರಿಸಬೇಕು.

ಮೂರನೆಯ ಹೆಜ್ಜೆ: ಓಡಿತ್ತೇ, ಓಡಿರಲೇ ಇಲ್ಲವೇ

‘ಹೊಸದು ಸಾರ್, ಒಂದು ದಿನವೂ ಓಡಿಲ್ಲ’ ಎಂಬ ಮಾತನ್ನು ಮಾರುವವರೆಲ್ಲ ಹೇಳುತ್ತಾರೆ. ಇದನ್ನು ಪರೀಕ್ಷಿಸಲು ಬಿಚ್ಚುವ ಅಗತ್ಯವಿಲ್ಲ; ಟಾರ್ಚು, ಚಿಕ್ಕ ಕನ್ನಡಿ ಮತ್ತು ತಾಳ್ಮೆ ಇದ್ದರೆ ಸಾಕು.

ನಮ್ಮ ಕಡೆ ಅತ್ಯುತ್ತಮ ಪರೀಕ್ಷೆ ನೀರಿನದು. ಕೋಲಾರ, ಚಿಕ್ಕಬಳ್ಳಾಪುರದ ಬಾವಿನೀರು ಗಡಸು. ಈ ನೀರಿನಲ್ಲಿ ಕೆಲವೇ ತಿಂಗಳು ದುಡಿದ ಇಂಜಿನ್ನಿನ ವಾಟರ್ ಜಾಕೆಟ್ಟಿನ (ಇಂಜಿನ್ ತಣ್ಣಗಿಡಲು ಸಿಲಿಂಡರಿನ ಸುತ್ತ ನೀರು ಹರಿಯುವ ಟೊಳ್ಳು ಜಾಗದ) ಒಳಗೋಡೆಗೆ ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವಂಥದೇ ಬಿಳಿಯ ಪೊರೆ ಹಿಡಿದಿರುತ್ತದೆ, ಎಷ್ಟು ವರ್ಷ ಒಣಗಿ ನಿಂತರೂ ಅದು ಹೋಗುವುದಿಲ್ಲ. ನೀರು ಹೊರಬರುವ ಪೈಪಿನ ಬಾಯಿಗೆ ಟಾರ್ಚು ಹಿಡಿದು ನೋಡಿ: ಎರಕದ ಒರಟು ಬೂದುಬಣ್ಣದ ಮೈ, ಅದರ ಮೇಲೆ ಸಮನಾದ ತೆಳು ಕೆಂಪು ತುಕ್ಕು, ಅಲ್ಲಲ್ಲಿ ಎರಕದ ಮರಳಿನ ಕಣಗಳು ಮಾತ್ರ ಕಂಡರೆ ಆ ಇಂಜಿನ್ ನೀರು ಕುಡಿದದ್ದಲ್ಲ. ಬಿಳಿಯ ಪೊರೆ ಉಗುರಿಗೆ ಗರಗರ ಎಂದರೆ ಓಡಿದೆ, ಮಾತು ಮುಗಿಯಿತು. ಆಸಿಡ್ ಹಾಕಿ ಪೊರೆ ತೆಗೆಸಿದ್ದರೂ ಮೂಲೆಗಳಲ್ಲಿ, ಗ್ಯಾಸ್ಕೆಟ್ಟಿನ ಅಂಚಿನಲ್ಲಿ ಸ್ವಲ್ಪ ಉಳಿದಿರುತ್ತದೆ.

ಇನ್ನುಳಿದ ಗುರುತುಗಳನ್ನು ಇದರ ಜೊತೆಗೆ ಹೋಲಿಸಬೇಕು. ಸೈಲೆನ್ಸರ್ ಕೂರುವ ಬಾಯಿಯೊಳಗೆ ಬೆರಳು ಹಾಕಿದರೆ ಮಸಿ ಅಂಟಬಾರದು. ಆದರೆ ಕಾರ್ಖಾನೆಯಲ್ಲೇ ಪರೀಕ್ಷೆಗೆಂದು ಕೆಲಕಾಲ ಓಡಿಸಿ ಕಳಿಸುವ ಪದ್ಧತಿ ಇದ್ದುದರಿಂದ, ತೆಳುವಾದ ಮಸಿಯಷ್ಟರಿಂದಲೇ ಇಂಜಿನ್ನನ್ನು ತಳ್ಳಿಹಾಕುವಂತಿಲ್ಲ. ನಟ್ಟುಗಳ ಮೂಲೆಗಳಲ್ಲಿ ಸ್ಪ್ಯಾನರ್ ಜಾರಿದ ಗಾಯ ಇರಬಾರದು, ಹಾಗೂ ನಟ್ಟು ಮತ್ತು ಮೈ ಕೂಡುವಲ್ಲಿ ಬಣ್ಣದ ಪೊರೆ ಒಡೆಯದೆ ಒಂದಾಗಿರಬೇಕು. ಬೆಲ್ಟು ಓಡುವ ಪುಲ್ಲಿಯ ಮುಖ ಹೊಳಪಾಗಿದ್ದರೆ ಅದು ದುಡಿದ ಇಂಜಿನ್. ಫ್ಲೈವೀಲಿನ ಕೀಗೆ ಸುತ್ತಿಗೆ ಏಟು ಬಿದ್ದಿದ್ದರೆ ಒಮ್ಮೆಯಾದರೂ ಬಿಚ್ಚಿದ್ದಾರೆ. ಉಕ್ಕಿನ ನಯಗೊಳಿಸಿದ ಭಾಗಗಳ ಮೇಲೆ ಜೇನುಬಣ್ಣಕ್ಕೆ ತಿರುಗಿ ಗಟ್ಟಿಯಾದ, ತುಕ್ಕು ತಡೆಯಲೆಂದು ಕಾರ್ಖಾನೆಯಲ್ಲಿ ಬಳಿದ ಗ್ರೀಸು ಇನ್ನೂ ಉಳಿದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಅದನ್ನು ಒರೆಸಬೇಡಿ.

ನಾಲ್ಕನೆಯ ಹೆಜ್ಜೆ: ನೇಮ್‌ಪ್ಲೇಟ್ ಓದುವುದು

ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಹತ್ತಿ ಬಟ್ಟೆಯಿಂದ ಪ್ಲೇಟನ್ನಷ್ಟೇ ಒತ್ತಿ ಒರೆಸಿ. ಬಣ್ಣದಲ್ಲಿ ಬರೆದ ಅಕ್ಷರಗಳಿದ್ದರೆ ಅದೂ ಬೇಡ, ಒಣಬಟ್ಟೆ ಸಾಕು. ಅಚ್ಚು ಹೊಡೆದ ಅಂಕಿಗಳು ಸವೆದಿದ್ದರೆ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ಮಲಗಿಸಿ ಉಜ್ಜಬೇಕು, ಇಲ್ಲವೇ ಕತ್ತಲಾದ ಮೇಲೆ ಟಾರ್ಚನ್ನು ಪ್ಲೇಟಿನ ಪಕ್ಕದಲ್ಲಿ ಓರೆಯಾಗಿ ಹಿಡಿದು ಫೋಟೋ ತೆಗೆಯಬೇಕು. ಹಗಲಿನಲ್ಲಿ ಕಾಣದ ಅಂಕಿ ನೆರಳಿನಿಂದ ಎದ್ದು ಕಾಣುತ್ತದೆ. 3 ಮತ್ತು 8, 1 ಮತ್ತು 7 ಗೊಂದಲ ಮಾಡುವ ಜೋಡಿಗಳು. ಅನುಮಾನ ಬಂದ ಅಂಕಿಯ ಜಾಗದಲ್ಲಿ ಎರಡು ಓದುಗಳನ್ನೂ ಬರೆದುಕೊಳ್ಳಿ.

ಪ್ಲೇಟಿನ ಮೇಲಿನ ವಿಳಾಸವೇ ಅರ್ಧ ಇತಿಹಾಸ ಹೇಳುತ್ತದೆ. ಭಾರತದಲ್ಲಿ ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಹೀಗಾಗಿ ತಯಾರಕರ ಅಥವಾ ಡೀಲರ ಪ್ಲೇಟಿನಲ್ಲಿ ಆರಂಕಿಯ ಪಿನ್ ಇದ್ದರೆ ಅದು ಆ ದಿನದ ಈಚಿನದು. ‘ಬೆಂಗಳೂರು–2’, ‘ಪೂನಾ–3’ ಎಂಬ ಹಳೆಯ ವಲಯದ ಅಂಕಿ ಮಾತ್ರ ಇದ್ದರೆ ಬಹುಮಟ್ಟಿಗೆ ಅದಕ್ಕೂ ಹಿಂದಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ರಂದು ಕರ್ನಾಟಕ ಎಂಬ ಹೆಸರು ಬರುವುದಕ್ಕೆ ಮುಂಚಿನದು ಎಂದು ಹೇಳಬಹುದು, ಆದರೆ ಅಂಗಡಿಗಳು ಹಳೆಯ ಪ್ಲೇಟು ಖಾಲಿಯಾಗುವವರೆಗೆ ಬಳಸುತ್ತಿದ್ದವು ಎಂಬ ಒಂದೆರಡು ವರ್ಷದ ರಿಯಾಯಿತಿ ಇಟ್ಟುಕೊಳ್ಳಿ.

ಇಂಜಿನ್‌ಗಳಿಗೆ ನಿಗದಿಯಾದ ಭಾರತೀಯ ಮಾನಕದ, ಅಂದರೆ ಐಎಸ್ ಸಂಖ್ಯೆಗಳೂ ಹೀಗೆಯೇ. ಐಎಸ್ 1601 ಮೊದಲು ಪ್ರಕಟವಾದದ್ದು 1960ರಲ್ಲಿ, ಐಎಸ್ 10001 ಬಂದದ್ದು 1981ರಲ್ಲಿ. ಪ್ಲೇಟಿನ ಮೇಲೆ ಎರಡನೆಯದು ಇದ್ದೂ ಮಾರುವವರು ‘ಬ್ರಿಟಿಷರ ಕಾಲದ್ದು’ ಎಂದರೆ ನಕ್ಕು ಸುಮ್ಮನಿರಬಹುದು. ಶಕ್ತಿಯನ್ನು ಕಿಲೋವ್ಯಾಟ್‌ನಲ್ಲಿಯೂ ಕೊಟ್ಟಿದ್ದರೆ ಅದೂ ಈಚಿನ ಕಾಲದ ಲಕ್ಷಣ. ಹಳೆಯ ಪ್ಲೇಟುಗಳಲ್ಲಿ ಬಿಎಚ್‌ಪಿ (ಬ್ರೇಕ್ ಹಾರ್ಸ್‌ಪವರ್) ಒಂದೇ ಇರುತ್ತದೆ.

ಕಂಪನಿಯ ಹೆಸರಿನ ರೂಪವೂ ಕಾಲವನ್ನು ಸೂಚಿಸುತ್ತದೆ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಡರ್ಸ್ಲಿಯಲ್ಲಿ 1867ರಲ್ಲಿ ಶುರುವಾದ ಆರ್.ಎ. ಲಿಸ್ಟರ್ ಕಂಪನಿ 1965ರಲ್ಲಿ ಹಾಕರ್ ಸಿಡ್ಲಿ ಸಮೂಹಕ್ಕೆ ಸೇರಿತು, 1986ರಲ್ಲಿ ಪೆಟರ್ ಜೊತೆಗೂಡಿ ಲಿಸ್ಟರ್–ಪೆಟರ್ ಆಯಿತು. ಪೆಟರ್ ಮೂಲತಃ ಸಾಮರ್‌ಸೆಟ್ಟಿನ ಯೋವಿಲ್ ಊರಿನದು. ಪುಣೆಯ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಸ್ಥಾಪನೆಯಾದದ್ದು 1946ರಲ್ಲಿ. ಆದ್ದರಿಂದ ಆ ಹೆಸರಿನ ಇಂಜಿನ್ ‘(ಎರಡನೆಯ ಮಹಾ)ಯುದ್ಧಕ್ಕೆ ಮುಂಚಿನದು’ ಆಗಲಾರದು.

ಈಗ ನಕಲಿ ಪ್ಲೇಟುಗಳ ಮಾತು. ಹಿತ್ತಾಳೆ ಪ್ಲೇಟು ಗುಜರಿಗೆ ಹೋಗುವುದು, ಅದರ ಜಾಗಕ್ಕೆ ಹೊಸದಾಗಿ ಅಚ್ಚು ಮಾಡಿಸಿದ್ದನ್ನು ಹಾಕುವುದು ಎರಡೂ ಉಂಟು. ಹಳೆಯ ಪ್ಲೇಟುಗಳನ್ನು ಸಾಮಾನ್ಯವಾಗಿ ಸುತ್ತಿಗೆಯಿಂದ ಹೊಡೆದು ಕೂರಿಸುವ ಚಿಕ್ಕ ರಿವೆಟ್ಟಿನಿಂದ ಹಿಡಿಸಿರುತ್ತಾರೆ. ಆ ಜಾಗದಲ್ಲಿ ಸ್ಟಾರ್ ಸ್ಕ್ರೂ ಕಂಡರೆ ಹುಷಾರು. ಪ್ಲೇಟಿನ ಅಂಚಿನ ಕೆಳಗೆ ಇಣುಕಿ: ಕಾರ್ಖಾನೆಯ ಬಣ್ಣ ಪ್ಲೇಟಿನ ಅಂಚಿಗೆ ಬಂದು ನಿಂತಿದೆಯೇ, ಅಥವಾ ಕೆಳಗೆ ಬೇರೆ ಅಳತೆಯ ಹಳೆಯ ಪ್ಲೇಟಿನ ನೆರಳು, ಮುಚ್ಚಿದ ತೂತುಗಳು ಇವೆಯೇ? ಪ್ಲೇಟಿನ ನಂಬರು ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಕೆಳಭಾಗದ ಎರಕದ ಪೆಟ್ಟಿಗೆಯ) ಸಮತಟ್ಟು ಜಾಗದಲ್ಲೋ ಫ್ಲೈವೀಲಿನ ಅಂಚಿನಲ್ಲೋ ಅಚ್ಚಾಗಿರುವ ನಂಬರಿಗೆ ಹೊಂದಬೇಕು. ಹೊಂದದಿದ್ದರೆ ಮೈಯ ನಂಬರನ್ನೇ ಹಿಡಿಯಿರಿ.

ಐದನೆಯ ಹೆಜ್ಜೆ: ಅಳತೆ ಮತ್ತು ಜೋಡಣೆ

ಪ್ಲೇಟೇ ಇಲ್ಲದ ಇಂಜಿನ್‌ಗಳೇ ಹೆಚ್ಚು. ಆಗ ವಂಶ ಹೇಳುವುದು ಅಳತೆ. ಬೋರು (ಸಿಲಿಂಡರಿನ ಒಳ ಅಗಲ) ಮತ್ತು ಸ್ಟ್ರೋಕು (ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ) ಇಂಚಿನಲ್ಲಿ ಸರಿಯಾಗಿ ಕೂರುತ್ತವೆಯೋ, ಮಿಲಿಮೀಟರಿನಲ್ಲೋ ಎಂಬುದು ಮೊದಲ ಪ್ರಶ್ನೆ. ಲಿಸ್ಟರ್ ಸಿಎಸ್ ಮಾದರಿಯ ಆರು ಎಚ್‌ಪಿ ಇಂಜಿನ್‌ಗೆ ನಾಲ್ಕೂವರೆ ಇಂಚು ಬೋರು, ಐದೂವರೆ ಇಂಚು ಸ್ಟ್ರೋಕು, ನಿಮಿಷಕ್ಕೆ 650 ಸುತ್ತು. ಅದರ ಹೆಸರಿನಲ್ಲಿ ಬರುವ 6/1 ಎಂದರೆ ಆರು ಎಚ್‌ಪಿ, ಒಂದು ಸಿಲಿಂಡರ್. ಎಂಟು ಎಚ್‌ಪಿಯದು ಇದೇ ಅಳತೆಯದು, ಸುತ್ತು 850. ಕಿರ್ಲೋಸ್ಕರ್ ಎವಿ1 ಆದರೋ 80 ಮಿ.ಮೀ. ಬೋರು, 110 ಮಿ.ಮೀ. ಸ್ಟ್ರೋಕಿನ, 1500 ಸುತ್ತಿನ ಐದು ಎಚ್‌ಪಿ ಇಂಜಿನ್. ಎರಡು ದೊಡ್ಡ ಫ್ಲೈವೀಲಿನ, ಎಣಿಸಬಹುದಾದಷ್ಟು ನಿಧಾನದ ಸದ್ದಿನ ಇಂಜಿನ್ ಮೊದಲ ವಂಶದ್ದು. ಪಂಪಿಗೆ ನೇರವಾಗಿ ಜೋಡಿಸಿದ, ಗಿಡ್ಡನೆಯ ವೇಗದ ಇಂಜಿನ್ ಎರಡನೆಯದು.

ಆದರೆ ಅಳತೆ ವಂಶವನ್ನು ಹೇಳುತ್ತದೆಯೇ ಹೊರತು ಕಾರ್ಖಾನೆಯನ್ನು ಹೇಳುವುದಿಲ್ಲ. ಲಿಸ್ಟರ್ ಸಿಎಸ್ ಮಾದರಿಯನ್ನು ಅದೇ ಅಳತೆಯಲ್ಲಿ ಗುಜರಾತಿನ ರಾಜಕೋಟೆಯ ಅನೇಕ ಕಾರ್ಖಾನೆಗಳು ಬೇರೆ ಬೇರೆ ಹೆಸರಿನಲ್ಲಿ ತಯಾರಿಸಿದವು, ಬೇರೆ ಊರುಗಳಲ್ಲೂ ತಯಾರಾದವು. ನಮ್ಮ ಕಡೆ ‘ಇಂಗ್ಲೆಂಡಿನದು’ ಎಂದು ಕರೆಯಿಸಿಕೊಳ್ಳುವ ಎಷ್ಟೋ ಇಂಜಿನ್‌ಗಳು ರಾಜಕೋಟೆಯವೇ ಎಂಬುದು ನನ್ನ ಅಭಿಪ್ರಾಯ. ಅದರಿಂದ ಅವುಗಳ ಗೌರವವೇನೂ ಕಡಿಮೆಯಾಗುವುದಿಲ್ಲ. ಕೃಷಿಯ ಇತಿಹಾಸದಲ್ಲಿ ಅವುಗಳ ಪಾಲು ದೊಡ್ಡದು. ಎರಡನ್ನೂ ಬೇರ್ಪಡಿಸಲು ಹೆಡ್ಡಿನ ಪಕ್ಕ ನೋಡಿ. ಚಾಲೂ ಮಾಡುವಾಗ ಕಂಪ್ರೆಷನ್ ಬದಲಿಸಲು ತಿರುಗಿಸುವ ಚಿಕ್ಕ ಕೈಚಕ್ರ ಮೂಲ ಸಿಎಸ್ ಇಂಜಿನ್ನಿನ ಪ್ರಸಿದ್ಧ ಗುರುತು, ದೇಶೀಯ ಇಂಜಿನ್‌ಗಳಲ್ಲಿ ಬಹಳಷ್ಟು ಡೀಸೆಲನ್ನು ನೇರವಾಗಿ ಪಿಸ್ಟನ್ ಮೇಲಕ್ಕೆ ಸಿಂಪಡಿಸುವ ವ್ಯವಸ್ಥೆಯವಾದ್ದರಿಂದ ಅವಕ್ಕೆ ಆ ಚಕ್ರವಿಲ್ಲ. ಎರಕದ ಮೇಲೆ ಉಬ್ಬಿ ಬಂದಿರುವ ಅಂಕಿ, ಅಕ್ಷರಗಳನ್ನು ಒಂದನ್ನೂ ಬಿಡದೆ ಬರೆದುಕೊಳ್ಳಿ.

ಬೋಲ್ಟಿನ ಮರೆಯನ್ನು, ಅಂದರೆ ಸುರುಳಿ ಗೆರೆಯನ್ನು, ಥ್ರೆಡ್ ಗೇಜಿನಿಂದ ಪರೀಕ್ಷಿಸುವುದು ಲೇತ್ ಅಂಗಡಿಯವರಿಗೆ ಎರಡು ನಿಮಿಷದ ಕೆಲಸ. ಹಳೆಯ ಬ್ರಿಟಿಷ್ ಇಂಜಿನ್‌ಗಳಲ್ಲಿ 55 ಡಿಗ್ರಿ ಕೋನದ ವಿಟ್‌ವರ್ತ್ ಮರೆ ಇರುತ್ತದೆ. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಸುತ್ತು. ಮೆಟ್ರಿಕ್ ಮರೆ 60 ಡಿಗ್ರಿಯದು.

ಕೊನೆಯದಾಗಿ ಡೀಸೆಲ್ ಪಂಪು ಮತ್ತು ನಾಜಲ್. ಸಿಎವಿ, ಬ್ರೈಸ್ ಹೆಸರುಗಳು ಇಂಗ್ಲೆಂಡಿನವು. ಮೈಕೋ ಎಂದಿದ್ದರೆ ಅದು ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿಯದು. ಆ ಕಂಪನಿ ಸ್ಥಾಪನೆಯಾದದ್ದು 1951ರಲ್ಲಿ, ಬಾಷ್ ಲಿಮಿಟೆಡ್ ಎಂದು ಹೆಸರು ಬದಲಾದದ್ದು 2008ರಲ್ಲಿ. ದುಡಿದ ಇಂಜಿನ್‌ನಲ್ಲಿ ಮೈಕೋ ಪಂಪು ಇದ್ದರೆ ಅದರಿಂದ ಏನೂ ಸಿದ್ಧವಾಗದು, ರಿಪೇರಿಯಲ್ಲಿ ಬದಲಿಸಿರಬಹುದು. ಮೂರನೆಯ ಹೆಜ್ಜೆಯಲ್ಲಿ ಓಡಿಲ್ಲವೆಂದು ಖಚಿತವಾದ ಇಂಜಿನ್‌ನಲ್ಲಿ ಅದೇ ಪಂಪು ಇಡೀ ಇಂಜಿನ್ 1951ರ ಈಚಿನದು, ಬಹುತೇಕ ಭಾರತದಲ್ಲೇ ಜೋಡಣೆಯಾದದ್ದು ಎಂಬುದಕ್ಕೆ ಬಲವಾದ ಆಧಾರ.

ಆರನೆಯ ಹೆಜ್ಜೆ: ಕಾಗದಗಳು

ಮನೆಯ ಟ್ರಂಕಿನಲ್ಲಿ ಬಿಲ್ಲು ಸಿಕ್ಕರೆ ಮೊತ್ತದ ಕಡೆ ಮೊದಲು ನೋಡಿ. ರೂಪಾಯಿ–ಆಣೆ–ಪೈ ಲೆಕ್ಕವಿದ್ದರೆ ಅದು ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು ಅಥವಾ ಆ ಆಸುಪಾಸಿನದು. ರೈಲ್ವೆ ರಸೀದಿ, ಸೂಚನೆಗಳ ಪುಸ್ತಕ, ಬಿಡಿಭಾಗಗಳ ಪಟ್ಟಿ ಸಿಕ್ಕರೆ ಹಿಂಬದಿಯ ಪುಟದ ಮುದ್ರಣಾಲಯದ ಹೆಸರನ್ನೂ ನೋಡಬೇಕು.

ಬಿಲ್ಲು ಇಲ್ಲದಿದ್ದರೆ ಸಾಲದ ದಾರಿ ಹಿಡಿಯಿರಿ. ರೈತರು ಪಂಪ್‌ಸೆಟ್ ಕೊಂಡದ್ದು ಬಹುಮಟ್ಟಿಗೆ ತಕಾವಿ ಸಾಲದಲ್ಲಿ (ಸರ್ಕಾರ ರೈತರಿಗೆ ಕೊಡುತ್ತಿದ್ದ ಸಾಲ) ಅಥವಾ ಭೂ ಅಡಮಾನ ಬ್ಯಾಂಕಿನ, ಮುಂದೆ ಪಿಎಲ್‌ಡಿ ಬ್ಯಾಂಕ್ ಎಂದು ಕರೆಯಿಸಿಕೊಂಡ ಸಂಸ್ಥೆಯ ಸಾಲದಲ್ಲಿ. ಜಮೀನು ಅಡವಿಟ್ಟಿದ್ದರೆ ಅಡಮಾನ ಪತ್ರ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಿರುತ್ತದೆ. ಬಾವಿ ಇರುವ ಸರ್ವೆ ನಂಬರಿಗೆ ಬೇಕಾದ ವರ್ಷಗಳನ್ನು ಹೇಳಿ ಋಣಭಾರ ಪತ್ರಕ್ಕೆ, ಅಂದರೆ ಇ.ಸಿ.ಗೆ ಅರ್ಜಿ ಹಾಕಿ. ಕಂಪ್ಯೂಟರಿಗೆ ಏರದ ಹಳೆಯ ವರ್ಷಗಳನ್ನು ಪುಸ್ತಕದಲ್ಲೇ ಹುಡುಕಿಸಬೇಕಾಗುವುದರಿಂದ ತಡವಾಗುತ್ತದೆ. ವಹಿವಾಟು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಸಿಗುತ್ತದೆ. ಅದರಲ್ಲಿ ಅಡಮಾನದ ದಿನಾಂಕ ಕಂಡರೆ ಆ ಪತ್ರದ ದೃಢೀಕೃತ ನಕಲು ಪಡೆಯಿರಿ. ಸಾಲದ ಉದ್ದೇಶ ಅದರೊಳಗೆ ಬರೆದಿರಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯವರು ನೆನಪಿಡಬೇಕಾದದ್ದು: ಈ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಗೌರಿಬಿದನೂರು, ಶಿಡ್ಲಘಟ್ಟ, ಗುಡಿಬಂಡೆಗಳ ಜಿಲ್ಲಾಮಟ್ಟದ ಹಳೆಯ ಕಡತಗಳನ್ನು ಕೋಲಾರ ಜಿಲ್ಲೆಯ ಹೆಸರಿನಲ್ಲೇ ಹುಡುಕಬೇಕು.

ಪೆಟ್ಟಿಗೆಯ ಹಲಗೆ ಉಳಿದಿದ್ದರೆ ಅದೂ ಕಾಗದದಷ್ಟೇ ಒಳ್ಳೆಯ ದಾಖಲೆ. ಹಡಗಿನಲ್ಲಿ ಬಂದ ಪೆಟ್ಟಿಗೆಗಳ ಮೇಲೆ ಬಂದರಿನ ಹೆಸರು, ತರಿಸಿಕೊಂಡವರ ಮೊದಲಕ್ಷರಗಳು, ಪೆಟ್ಟಿಗೆಯ ನಂಬರು ಮತ್ತು ತೂಕವನ್ನು ಕಪ್ಪು ಶಾಯಿಯಲ್ಲಿ ಸ್ಟೆನ್ಸಿಲ್ ಮಾಡಿರುತ್ತಾರೆ. ಶಾಯಿ ಮಾಸಿದ್ದರೂ ಹಲಗೆಯನ್ನು ಓರೆ ಬೆಳಕಿನಲ್ಲಿ ಹಿಡಿದರೆ ಅಕ್ಷರ ಕೂಡಿಕೊಳ್ಳುತ್ತದೆ.

ಏಳನೆಯ ಹೆಜ್ಜೆ: ಹೊರಗಿನವರಿಗೆ ಬರೆಯುವುದು

ಇಷ್ಟೆಲ್ಲ ಕೈಯಲ್ಲಿದ್ದರೆ ಮಾತ್ರ ಹೊರಗಿನ ಸಂಸ್ಥೆಗಳಿಗೆ ಬರೆಯುವುದು ಸಾರ್ಥಕ. ಲಿಸ್ಟರ್ ಕಂಪನಿಯ ಹಳೆಯ ದಾಖಲೆಗಳು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪತ್ರಾಗಾರದಲ್ಲಿವೆ. ಚೆಷೈರಿನ ಪಾಯ್ನ್‌ಟನ್‌ನಲ್ಲಿರುವ ಆನ್ಸನ್ ಇಂಜಿನ್ ಮ್ಯೂಸಿಯಂ ಇಂಥ ಇಂಜಿನ್‌ಗಳಿಗೇ ಮೀಸಲಾದದ್ದು. ಹೋಲಿಸಿ ನೋಡಲು ಅಷ್ಟು ದೂರ ಹೋಗಬೇಕಿಲ್ಲ, ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಇಂಜಿನ್‌ಗಳಿಗೇ ಒಂದು ವಿಭಾಗವಿದೆ. ಬಿಡಿಭಾಗಗಳ ಗುರುತಿಗೆ ಎಸ್‌.ಜೆ.ಪಿ. ರಸ್ತೆಯ ಹಳೆಯ ಅಂಗಡಿಯವರ ಕಣ್ಣು ಎಷ್ಟೋ ಪುಸ್ತಕಗಳಿಗಿಂತ ಚುರುಕು. ವ್ಯಾಪಾರದ ಹೊತ್ತು ಬಿಟ್ಟು ಹೋಗಿ.

ಪತ್ರದಲ್ಲಿ ‘ಇದು ಯಾವ ಇಂಜಿನ್ ತಿಳಿಸಿ’ ಎಂದಷ್ಟೇ ಕೇಳಿದರೆ ಉತ್ತರ ಬರುವ ಭರವಸೆ ಇಲ್ಲ. ನಂಬರು, ಅದರ ಫೋಟೋ, ಎರಕದ ಗುರುತುಗಳು, ಬೋರು–ಸ್ಟ್ರೋಕು, ಪಂಪಿನ ಹೆಸರು, ನೀವು ಮಾಡಿಕೊಂಡಿರುವ ಊಹೆ, ಇಷ್ಟನ್ನು ಒಂದೇ ಪುಟದಲ್ಲಿ ಕಳಿಸಿ, ಒಂದೇ ಪ್ರಶ್ನೆ ಕೇಳಿ: ಈ ನಂಬರಿನ ಇಂಜಿನ್ ಯಾವ ವರ್ಷ, ಯಾರ ಹೆಸರಿಗೆ ಹೊರಟಿತು?

ಕಂಡುಕೊಂಡದ್ದನ್ನು ಬರೆದಿಡುವಾಗ ಕಣ್ಣಾರೆ ಕಂಡದ್ದು, ಕಾಗದದಲ್ಲಿ ಸಿಕ್ಕಿದ್ದು, ಕೇಳಿ ತಿಳಿದದ್ದು, ಊಹಿಸಿದ್ದು ಎಂದು ನಾಲ್ಕು ಬೇರೆ ಭಾಗಗಳನ್ನು ಮಾಡಿ, ಪ್ರತಿಯೊಂದಕ್ಕೂ ಹೇಳಿದವರ ಹೆಸರು ಮತ್ತು ದಿನಾಂಕ ಸೇರಿಸಿ. ಇಂಜಿನ್ ಕೊಳ್ಳುವುದಾದರೆ ಮಾರುವವರಿಂದ ನಂಬರು ನಮೂದಿಸಿದ ಕೈಬರಹದ ರಸೀದಿಯನ್ನು ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಪಡೆಯಿರಿ. ಅವಿಭಕ್ತ ಕುಟುಂಬದ ಆಸ್ತಿಯಾಗಿದ್ದರೆ ಉಳಿದ ಪಾಲುದಾರರ ಒಪ್ಪಿಗೆಯೂ ಅದೇ ಹಾಳೆಯಲ್ಲಿರಲಿ, ಮತ್ತು ಇಂಜಿನ್ ಸಾಗಿಸುವಾಗ ಪೆಟ್ಟಿಗೆಯ ಹಲಗೆ, ಹ್ಯಾಂಡಲ್, ಟೂಲ್ ಡಬ್ಬಿಗಳನ್ನು ಕೇಳಿ ಪಡೆದು ಜೊತೆಯಲ್ಲೇ ತನ್ನಿ.